ಇಲಿಯ ಮೈಯಲ್ಲಿ ಮನುಷ್ಯರ ರಕ್ತ

ನಮ್ಮ ಕಡೆ ಟೈಫಾಯಿಡ್ ಕಂಡರಿಯದ ಮನೆ ಸಿಗುವುದು ಕಷ್ಟ. ವಾರಗಟ್ಟಲೆ ಇಳಿಯದ ಜ್ವರ, ಬರೀ ಗಂಜಿ ಊಟ, ಜ್ವರ ಬಿಟ್ಟ ಮೇಲೂ ಬಹಳ ದಿನ ಕಾಡುವ ಸುಸ್ತು. ಈ ಕಾಯಿಲೆ ತರುವ ಬ್ಯಾಕ್ಟೀರಿಯಾದ ಹೆಸರು ಸಾಲ್ಮೊನೆಲ್ಲಾ ಟೈಫಿ. ಮನುಷ್ಯರನ್ನು ಇಷ್ಟೊಂದು ಹೈರಾಣ ಮಾಡುವ ಈ ಬ್ಯಾಕ್ಟೀರಿಯಾವನ್ನು ಲ್ಯಾಬಿನ ಬಿಳಿ ಇಲಿಗೆ ಕೊಟ್ಟರೆ ಏನಾಗುತ್ತದೆ ಗೊತ್ತಾ? ಇಲಿಗೆ ಟೈಫಾಯಿಡ್ ಬರುವುದೇ ಇಲ್ಲ. ಬ್ಯಾಕ್ಟೀರಿಯಾವನ್ನು ನುಂಗುವ ಇಲಿಯ ರಕ್ಷಕ ಕೋಶಗಳು ಅದನ್ನು ಒಳಗೇ ಮುಗಿಸಿಬಿಡುತ್ತವೆ. ಇಲಿ ಎಂದಿನಂತೆ ತಿಂದುಕೊಂಡು ಓಡಾಡಿಕೊಂಡಿರುತ್ತದೆ.

ಹಾಗಾಗಿ ವಿಜ್ಞಾನಿಗಳು ದಶಕಗಳ ಕಾಲ ಟೈಫಾಯಿಡನ್ನು ಅದರ ದಾಯಾದಿಯ ಮೂಲಕ ಓದಿದರು. ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಎಂಬ ಇನ್ನೊಂದು ಬಗೆ ಇದೆ. ಅದು ಇಲಿಗೆ ಟೈಫಾಯಿಡ್‌ನಂಥ ಕಾಯಿಲೆ ತರುತ್ತದೆ. ಮನುಷ್ಯರಿಗೆ ಅದರಿಂದ ಸಾಮಾನ್ಯವಾಗಿ ಆಗುವುದು ವಾಂತಿ-ಭೇದಿ ಮಾತ್ರ. ಅದರಿಂದ ಕಲಿತದ್ದು ಬಹಳ ಇದೆ, ಸುಳ್ಳಲ್ಲ. ಆದರೆ ಅಣ್ಣನ ಜಾತಕ ಇಟ್ಟುಕೊಂಡು ತಮ್ಮನ ಭವಿಷ್ಯ ಹೇಳುವ ಕಷ್ಟ ಅದರಲ್ಲಿ ಯಾವತ್ತೂ ಇತ್ತು.

ಟೈಫಾಯಿಡ್ ಒಂದೇ ಅಲ್ಲ. ಎಚ್‌ಐವಿ ಇಲಿಗೆ ಅಂಟುವುದಿಲ್ಲ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಂಟುವುದಿಲ್ಲ. ಮಲೇರಿಯಾದಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಫಾಲ್ಸಿಪಾರಂ ಪರಾವಲಂಬಿಯೂ ಇಲಿಯ ಮೈಯಲ್ಲಿ ಬೆಳೆಯುವುದಿಲ್ಲ. ಡೆಂಗಿ ವೈರಸ್ ಒಳಗೆ ಹೋದರೂ ತಳವೂರುವುದಿಲ್ಲ. ಪ್ರತಿಯೊಂದಕ್ಕೂ ಕಾರಣ ಬೇರೆ. ಎಚ್‌ಐವಿ ನಮ್ಮ ಟಿ ಕೋಶ ಎಂಬ ರಕ್ಷಕ ಕೋಶದೊಳಗೆ ನುಗ್ಗಲು ಕೋಶದ ಹೊರಮೈಯಲ್ಲಿರುವ ಸಿಡಿ4 ಮತ್ತು ಸಿಸಿಆರ್5 ಎಂಬ ಎರಡು ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತದೆ. ಇಲಿಯ ಕೋಶದ ಮೇಲೂ ಅದೇ ಹೆಸರಿನ ಪ್ರೋಟೀನುಗಳಿವೆ, ಆದರೆ ಆಕಾರ ಬೇರೆ. ವೈರಸ್‌ಗೆ ಹಿಡಿತ ಸಿಗುವುದಿಲ್ಲ. ಡೆಂಗಿಯ ಕತೆ ಇನ್ನೊಂದು ಥರ. ಅದು ಮನುಷ್ಯರ ಕೋಶದೊಳಗೆ ಹೊಕ್ಕ ಮೇಲೆ ಸ್ಟ್ಯಾಟ್2 ಎಂಬ ಪ್ರೋಟೀನನ್ನು ನಾಶ ಮಾಡುತ್ತದೆ. ಅಪಾಯದ ಸುದ್ದಿಯನ್ನು ಕೋಶದ ಒಳಗೆ ಮುಟ್ಟಿಸುವ ಪ್ರೋಟೀನು ಅದು. ಇಲಿಯ ಸ್ಟ್ಯಾಟ್2ನ್ನು ನಾಶ ಮಾಡಲು ಡೆಂಗಿಗೆ ಆಗುವುದಿಲ್ಲ. ಸುದ್ದಿ ಮುಟ್ಟುತ್ತದೆ, ವೈರಸ್ ಸೋಲುತ್ತದೆ.

ಎಲ್ಲ ರೋಗಕ್ಕೂ ಈ ತೊಡಕಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಮಾಮೂಲಿ ಲ್ಯಾಬ್ ಇಲಿಯನ್ನೂ ಕೊಲ್ಲುತ್ತದೆ. ಅಂಥ ಕಡೆ ಸಾದಾ ಇಲಿಯಿಂದಲೇ ಎಷ್ಟೋ ಕೆಲಸ ನಡೆಯುತ್ತದೆ. ಕಷ್ಟ ಇರುವುದು ಮನುಷ್ಯರನ್ನೇ ಹುಡುಕಿಕೊಂಡು ಬರುವ ರೋಗಗಳ ವಿಷಯದಲ್ಲಿ.

ಅವನ್ನು ಓದುವುದು ಹೇಗೆ? ಬೇಕೆಂದೇ ಯಾರಿಗೂ ಎಚ್‌ಐವಿ ಅಂಟಿಸಿ ನೋಡುವಂತಿಲ್ಲ. ಗಾಜಿನ ತಟ್ಟೆಯಲ್ಲಿ ಮನುಷ್ಯರ ಕೋಶ ಬೆಳೆಸಬಹುದು. ಆದರೆ ರೋಗನಿರೋಧಕ ಶಕ್ತಿ ಒಂದು ಕೋಶದ ಕೆಲಸವಲ್ಲ. ಮೂಳೆಮಜ್ಜೆಯಲ್ಲಿ ಹುಟ್ಟಿದ ಕೋಶ ಎದೆಯ ಥೈಮಸ್ ಗ್ರಂಥಿಗೆ ಹೋಗಿ ಪಾಠ ಕಲಿಯುತ್ತದೆ. ರಕ್ತದಲ್ಲಿ ಸುತ್ತುತ್ತದೆ. ಕುತ್ತಿಗೆ, ಕಂಕುಳಲ್ಲಿರುವ ದುಗ್ಧಗ್ರಂಥಿಗಳಲ್ಲಿ ಬೇರೆ ಕೋಶಗಳ ಜೊತೆ ಮಾತಾಡಿಕೊಳ್ಳುತ್ತದೆ. ಈ ಓಡಾಟ ನಡೆಯಲು ಒಂದು ಜೀವಂತ ಮೈ ಬೇಕು. ಆ ಮೈಯನ್ನು ಇಲಿಯಿಂದ ಪಡೆದು, ಅದರೊಳಗೆ ಮನುಷ್ಯರ ರೋಗನಿರೋಧಕ ಕೋಶಗಳನ್ನು ಬೆಳೆಸಿದರೆ? ಹಾಗೆ ಹುಟ್ಟಿದ್ದೇ ಮಾನವೀಕೃತ ಇಲಿ, ಅಂದರೆ ಹ್ಯೂಮನೈಸ್ಡ್ ಮೌಸ್.

ಈ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಇಲಿ ಮನುಷ್ಯ ಆಗುವುದಿಲ್ಲ. ಅದರ ಮಿದುಳು, ಚರ್ಮ, ಹೃದಯ, ಕರುಳು ಎಲ್ಲ ಇಲಿಯದೇ. ನನಗೆ ಇದು ಮಾವಿನ ಕಸಿಯ ಹಾಗೆ ಕಾಣುತ್ತದೆ. ಬೇರು ನಾಟಿ ಮಾವಿನದು, ಹಣ್ಣು ಆಪೂಸಿನದು. ನೀವು ಆಪೂಸಿನ ಬಗ್ಗೆ ತಿಳಿಯಬೇಕಾದರೆ ಹಣ್ಣು ನೋಡಬೇಕು. ಬೇರನ್ನು ಕೇಳಿದರೆ ಅದು ನಾಟಿ ಮಾವಿನ ಉತ್ತರವನ್ನೇ ಕೊಡುತ್ತದೆ. ಮಾನವೀಕೃತ ಇಲಿಯೂ ಅಷ್ಟೇ: ನಾವು ಅದಕ್ಕೆ ಮನುಷ್ಯರ ಯಾವ ಭಾಗ ಕೊಟ್ಟಿದ್ದೇವೋ ಆ ಭಾಗದ ಬಗ್ಗೆ ಮಾತ್ರ ನಂಬುವಂಥ ಉತ್ತರ ಕೊಡುತ್ತದೆ. ಈ ಒಂದು ಮಾತು ಹಿಡಿದುಕೊಂಡರೆ ಇಡೀ ವಿಷಯ ಅರ್ಧ ಅರ್ಥವಾದ ಹಾಗೆ.

ಒಂದೇ ಜೀನ್ ಸಾಕಾಗುವ ಕಡೆ

ಕೆಲವು ಸಲ ಕೋಶ ಕಸಿ ಮಾಡುವ ಅಗತ್ಯವೇ ಇರುವುದಿಲ್ಲ, ಮನುಷ್ಯರ ಒಂದು ಜೀನ್ ಸೇರಿಸಿದರೆ ಸಾಕು. ಕೋವಿಡ್ ಇದಕ್ಕೆ ಒಳ್ಳೆಯ ಉದಾಹರಣೆ. ಕೊರೊನಾ ವೈರಸ್ ಕೋಶದೊಳಗೆ ನುಗ್ಗಲು ಹಿಡಿದುಕೊಳ್ಳುವುದು ಎಸಿಇ2 ಎಂಬ ಪ್ರೋಟೀನನ್ನು. 2020ರ ಆರಂಭದ ವೈರಸ್‌ಗೆ ಇಲಿಯ ಎಸಿಇ2 ಹಿಡಿಸುತ್ತಿರಲಿಲ್ಲ. ಆದರೆ 2007ರಲ್ಲೇ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತಂಡವೊಂದು ಹಳೆಯ ಸಾರ್ಸ್ ವೈರಸ್ ಓದಲೆಂದು ಮನುಷ್ಯರ ಎಸಿಇ2 ಇರುವ ಇಲಿಗಳನ್ನು ಮಾಡಿತ್ತು. ಸಾರ್ಸ್ ಮಾಯವಾದ ಮೇಲೆ ಅವಕ್ಕೆ ಬೇಡಿಕೆ ಇರಲಿಲ್ಲ. ವೀರ್ಯವನ್ನು ಹೆಪ್ಪುಗಟ್ಟಿಸಿ ಇಡಲಾಗಿತ್ತು. ಕೋವಿಡ್ ಬಂದಾಗ ಅದರಿಂದಲೇ ಮತ್ತೆ ಇಲಿಗಳನ್ನು ಹುಟ್ಟಿಸಿ ಪ್ರಪಂಚದ ಲ್ಯಾಬುಗಳಿಗೆ ಕಳಿಸಿದರು. ಯಾರಿಗೂ ಬೇಡವಾಗಿದ್ದದ್ದನ್ನು ಹದಿಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದು ಎಷ್ಟು ದೊಡ್ಡ ಕೆಲಸ ಅಲ್ವಾ?

ಇನ್ನೊಂದು ಬಗೆ ಇಲಿಗೆ ಮನುಷ್ಯರ ಆಂಟಿಬಾಡಿ, ಅಂದರೆ ರೋಗಾಣುವನ್ನು ಹಿಡಿದು ತಡೆಯುವ ಪ್ರೋಟೀನು, ತಯಾರಿಸುವ ಜೀನ್‌ಗಳನ್ನು ಕೊಟ್ಟಿರುತ್ತಾರೆ. ಅದಕ್ಕೆ ರೋಗಾಣುವಿನ ತುಣುಕು ಚುಚ್ಚಿದರೆ ಮನುಷ್ಯರದ್ದೇ ಆದ ಆಂಟಿಬಾಡಿ ತಯಾರಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಬೋಲಾದ ಮೊದಲ ಔಷಧ ಇನ್ಮಜೆಬ್ ಬಂದದ್ದು ಇಂಥ ಇಲಿಗಳಿಂದ.

ಇವು ಬಹಳ ಉಪಯೋಗದ ಇಲಿಗಳು. ಆದರೆ ನಮ್ಮ ರೋಗನಿರೋಧಕ ವ್ಯವಸ್ಥೆಯೇ ಇಲಿಯೊಳಗೆ ಇರುವುದು ಬೇರೆ ಮಾತು. ನಾನು ಹೆಚ್ಚು ಹೇಳಬೇಕೆಂದಿರುವುದು ಅದರ ಬಗ್ಗೆ.

ನಾಲ್ಕು ಗೋಡೆ ಕೆಡವಿದ ಕತೆ

ಅಣ್ಣನ ಕಿಡ್ನಿ ತಮ್ಮನಿಗೆ ಹಾಕಿದರೂ ಜೀವನಪರ್ಯಂತ ಮಾತ್ರೆ ನುಂಗಬೇಕು. ಇಲ್ಲದಿದ್ದರೆ ಮೈ ಅದನ್ನು ಒಪ್ಪಿಕೊಳ್ಳುವುದಿಲ್ಲ. ಒಂದೇ ತಾಯಿಯ ಮಕ್ಕಳಲ್ಲೇ ಹೀಗೆ. ಇನ್ನು ಇಲಿ ಮತ್ತು ಮನುಷ್ಯರ ಪೂರ್ವಜರು ಬೇರೆ ದಾರಿ ಹಿಡಿದು ಏಳೆಂಟು ಕೋಟಿ ವರ್ಷವಾದರೂ ಆಗಿದೆ. ಇಲಿ ಮನುಷ್ಯರ ಕೋಶವನ್ನು ಒಪ್ಪಬೇಕಾದರೆ ಮೊದಲು ಇಲಿಯ ಸ್ವಂತ ರಕ್ಷಣೆಯನ್ನು ಪೂರ್ತಿ ಇಳಿಸಬೇಕು. ಇದಕ್ಕೆ 40 ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಮೊದಲ ಇಲಿ ತಾನಾಗಿಯೇ ಸಿಕ್ಕಿತು. 1962ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಒಂದು ಆಸ್ಪತ್ರೆಯ ವೈರಸ್ ಲ್ಯಾಬಿನಲ್ಲಿ ಮೈಮೇಲೆ ಕೂದಲಿಲ್ಲದ ಮರಿಗಳು ಹುಟ್ಟಿದವು. ಬೋಳು ಇಲಿ ಎಂದಷ್ಟೇ ಎಲ್ಲರೂ ಅಂದುಕೊಂಡಿದ್ದರು. 1968ರಲ್ಲಿ ಪ್ಯಾಂಟೆಲೂರಿಸ್ ಎಂಬ ವಿಜ್ಞಾನಿ ಅವನ್ನು ಕೊಯ್ದು ನೋಡಿದಾಗ ಎದೆಯಲ್ಲಿ ಥೈಮಸ್ ಗ್ರಂಥಿಯೇ ಇರಲಿಲ್ಲ. ಥೈಮಸ್ ಇಲ್ಲ ಅಂದರೆ ಟಿ ಕೋಶ ಇಲ್ಲ. ಟಿ ಕೋಶ ಇಲ್ಲ ಅಂದರೆ ಪರಕೀಯ ಅಂಗವನ್ನು ತಿರಸ್ಕರಿಸುವ ಶಕ್ತಿ ಕಮ್ಮಿ. ಮರುವರ್ಷವೇ ಡೆನ್ಮಾರ್ಕಿನಲ್ಲಿ ಇಂಥ ಇಲಿಯೊಳಗೆ ಮನುಷ್ಯರ ಕ್ಯಾನ್ಸರ್ ಗಡ್ಡೆಯನ್ನು ಬೆಳೆಸಿದರು. ಆದರೆ ರಕ್ತಕೋಶ ನಿಲ್ಲಲಿಲ್ಲ. ಆಂಟಿಬಾಡಿ ತಯಾರಿಸುವ ಬಿ ಕೋಶಗಳು, ಪರಕೀಯ ಕೋಶವನ್ನು ನೇರ ಕೊಲ್ಲುವ ಎನ್‌ಕೆ ಕೋಶಗಳು ಇನ್ನೂ ಕಾವಲಿಗಿದ್ದವು.

1983ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೋಸ್ಮಾ ದಂಪತಿ ಇಲಿಗಳ ರಕ್ತ ಪರೀಕ್ಷೆ ಮಾಡುತ್ತಿದ್ದಾಗ ಕೆಲವದರ ರಕ್ತದಲ್ಲಿ ಆಂಟಿಬಾಡಿಯೇ ಸಿಗಲಿಲ್ಲ. ಬೇರೆಯವರಾದರೆ ಪರೀಕ್ಷೆ ಸರಿಯಾಗಲಿಲ್ಲ ಎಂದು ಬಿಟ್ಟುಬಿಡುತ್ತಿದ್ದರೇನೋ. ಇವರು ಬಿಡಲಿಲ್ಲ. ಆ ಇಲಿಗಳಲ್ಲಿ ಟಿ ಕೋಶವೂ ಇರಲಿಲ್ಲ, ಬಿ ಕೋಶವೂ ಇರಲಿಲ್ಲ. ಇದನ್ನು ಸ್ಕಿಡ್ ಇಲಿ ಎನ್ನುತ್ತಾರೆ. ಐದು ವರ್ಷದ ನಂತರ, 1988ರಲ್ಲಿ, ಎರಡು ತಂಡಗಳು ಬೇರೆ ಬೇರೆಯಾಗಿ ಸ್ಕಿಡ್ ಇಲಿಯಲ್ಲಿ ಮನುಷ್ಯರ ರೋಗನಿರೋಧಕ ಕೋಶಗಳನ್ನು ನಿಲ್ಲಿಸಿ ತೋರಿಸಿದವು. ಏಡ್ಸ್ ಹಬ್ಬುತ್ತಿದ್ದ ಕಾಲ ಅದು, ಕೈಯಲ್ಲಿ ಸರಿಯಾದ ಔಷಧ ಇರಲಿಲ್ಲ. ಅದೇ ವರ್ಷ ಅಂಥ ಇಲಿಗೆ ಎಚ್‌ಐವಿ ಸೋಂಕು ತಗಲಿದ್ದನ್ನೂ ತೋರಿಸಿದರು.

ಆದರೂ ಕೋಶಗಳು ಚೆನ್ನಾಗಿ ಬೇರು ಬಿಡಲಿಲ್ಲ. ಇಲಿಯ ಮ್ಯಾಕ್ರೊಫೇಜ್‌ಗಳು, ಅಂದರೆ ಕಸ ನುಂಗುವ ಕೋಶಗಳು, ಮನುಷ್ಯರ ಕೋಶಗಳನ್ನು ತಿಂದುಹಾಕುತ್ತಿದ್ದವು. ನಮ್ಮ ಪ್ರತಿ ಕೋಶದ ಮೇಲೆ ಸಿಡಿ47 ಎಂಬ ಪ್ರೋಟೀನು ಇದೆ. ‘ನಾನು ಮನೆಯವನೇ, ತಿನ್ನಬೇಡ’ ಎನ್ನುವ ಗುರುತು ಅದು. ಮಾಮೂಲಿ ಇಲಿಯ ಮ್ಯಾಕ್ರೊಫೇಜ್‌ಗೆ ಮನುಷ್ಯರ ಈ ಗುರುತು ಓದಲು ಬರುವುದಿಲ್ಲ. ಜಪಾನಿನಲ್ಲಿ ಸಕ್ಕರೆ ಕಾಯಿಲೆ ಅಧ್ಯಯನಕ್ಕೆಂದು ಬೆಳೆಸಿದ್ದ ಎನ್‌ಒಡಿ ಎಂಬ ತಳಿಯ ಇಲಿಯಲ್ಲಿ ಮಾತ್ರ ಆ ಗುರುತು ಓದುವ ಪ್ರೋಟೀನು ಸ್ವಲ್ಪ ಬೇರೆಯಾಗಿದೆ, ಅದಕ್ಕೆ ಓದಲು ಬರುತ್ತದೆ. ವಿಜ್ಞಾನಿಗಳು ಸ್ಕಿಡ್ ಇಲಿಯ ಜೀನಿನ ದೋಷವನ್ನು ಈ ತಳಿಗೆ ತಂದರು, 1995ರ ಹೊತ್ತಿಗೆ ಕಸಿ ಜಾಸ್ತಿ ಚೆನ್ನಾಗಿ ಹಿಡಿಯಿತು. ಯಾಕೆ ಹಿಡಿಯಿತು ಎಂಬ ಕಾರಣ ಗೊತ್ತಾಗಿದ್ದು ಮಾತ್ರ 2007ರಲ್ಲಿ, ಕೆನಡಾದ ಟೊರಾಂಟೊದಲ್ಲಿ.

ಕೊನೆಯ ಗೋಡೆ ಎನ್‌ಕೆ ಕೋಶಗಳದ್ದು. ಅದು ಬಿದ್ದ ಕತೆ ಒಂದು ಮಗುವಿನ ಕತೆಯ ಜೊತೆ ಹೆಣೆದುಕೊಂಡಿದೆ. ಅಮೆರಿಕದ ಹೂಸ್ಟನ್‌ನಲ್ಲಿ 1971ರಲ್ಲಿ ಹುಟ್ಟಿದ ಹುಡುಗನೊಬ್ಬ ತನ್ನ ಹನ್ನೆರಡು ವರ್ಷದ ಬದುಕಿನ ಹೆಚ್ಚುಕಡಿಮೆ ಪೂರ್ತಿಯನ್ನು ರೋಗಾಣು ಇಲ್ಲದ ಪ್ಲಾಸ್ಟಿಕ್ ಗುಳ್ಳೆಯೊಳಗೆ ಕಳೆದ. ಅವನಿಗೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇರಲಿಲ್ಲ. 1984ರಲ್ಲಿ ತೀರಿಕೊಂಡ. ಗಂಡುಮಕ್ಕಳನ್ನು ಕಾಡುವ ಈ ಕಾಯಿಲೆಗೆ ಕಾರಣವಾದ ಜೀನ್ ಪತ್ತೆಯಾಗಿದ್ದು 1993ರಲ್ಲಿ. ಹಲವು ರೋಗನಿರೋಧಕ ಕೋಶಗಳು ಬೆಳೆಯಲು ಬೇಕಾದ ಸಂದೇಶಗಳನ್ನು ಹಿಡಿಯುವ ಪ್ರೋಟೀನಿನ ಜೀನ್ ಅದು. ಅದೇ ಜೀನನ್ನು ಇಲಿಯಲ್ಲಿ ತೆಗೆದುಹಾಕಿದಾಗ ಎನ್‌ಕೆ ಕೋಶಗಳೂ ಹೋದವು. ಎನ್‌ಒಡಿ, ಸ್ಕಿಡ್, ಈ ಜೀನಿನ ಕೊರತೆ ಮೂರೂ ಒಟ್ಟಿಗಿರುವ ಇಲಿಯನ್ನು 2002ರಲ್ಲಿ ಜಪಾನಿನ ಕವಾಸಾಕಿಯಲ್ಲಿ ಮಾಡಿದರು, ಅದು ಎನ್‌ಒಜಿ. 2005ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಮಾಡಿದ್ದು ಎನ್‌ಎಸ್‌ಜಿ. ಇವತ್ತು ಈ ಕೆಲಸ ಮಾಡುವ ಲ್ಯಾಬುಗಳಲ್ಲಿ ಹೆಚ್ಚಾಗಿ ಕೇಳುವ ಹೆಸರುಗಳು ಇವೇ. ಆ ಮಗುವಿಗೆ ಇಲ್ಲದೇ ಹೋದದ್ದು ಏನು ಎಂದು ಹುಡುಕಿದ್ದರಿಂದಲೇ ಈ ಇಲಿ ಸಾಧ್ಯವಾಯಿತು. ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ.

ಈ ಇಲಿಗಳನ್ನು ಸಾಕುವುದು ಸುಲಭವಲ್ಲ. ಸಾದಾ ಇಲಿಗೆ ಏನೂ ಮಾಡದ ರೋಗಾಣು ಇವನ್ನು ಕೊಲ್ಲಬಹುದು. ತಿನ್ನುವ ಆಹಾರ, ಕುಡಿಯುವ ನೀರು, ಮಲಗುವ ಹೊಟ್ಟು ಎಲ್ಲವೂ ರೋಗಾಣು ತೆಗೆದದ್ದೇ ಆಗಬೇಕು. ಪಂಜರದೊಳಗೆ ಬರುವ ಗಾಳಿಯನ್ನೂ ಸೋಸುತ್ತಾರೆ. ಒಳಗೆ ಹೋಗುವವರು ಗೌನು, ಮಾಸ್ಕು, ಕೈಗವಸು ಹಾಕಿಕೊಂಡೇ ಹೋಗಬೇಕು.

ಕಸಿ ಮಾಡುವುದು

ನೆಲ ಹದವಾಯಿತು. ಇನ್ನು ನೆಡಬೇಕು. ಎಲ್ಲ ರಕ್ತಕೋಶಗಳಿಗೂ ತಾಯಿಯಂತಿರುವ ಸ್ಟೆಮ್ ಸೆಲ್‌ಗಳು ಹೊಕ್ಕುಳಬಳ್ಳಿಯ ರಕ್ತದಲ್ಲಿ ಸಿಗುತ್ತವೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಬಿಸಾಡುವ ಬಳ್ಳಿ ಅದು. ತಾಯಿಯ ಒಪ್ಪಿಗೆ ಪಡೆದು ಆ ರಕ್ತದಿಂದ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸುತ್ತಾರೆ. ಹುಟ್ಟಿ ಕೆಲವೇ ದಿನವಾದ ಇಲಿಮರಿಗೆ ಅಥವಾ ಎಳೆಯ ಇಲಿಗೆ ಸ್ವಲ್ಪವೇ ವಿಕಿರಣ ಕೊಟ್ಟು ಮೂಳೆಮಜ್ಜೆಯಲ್ಲಿ ಜಾಗ ಖಾಲಿ ಮಾಡುತ್ತಾರೆ. ಆಮೇಲೆ ಸ್ಟೆಮ್ ಸೆಲ್‌ಗಳನ್ನು ಚುಚ್ಚುತ್ತಾರೆ. ಮರಿಯಾದರೆ ಹೆಚ್ಚಾಗಿ ಲಿವರ್‌ಗೆ, ದೊಡ್ಡದಾದರೆ ರಕ್ತನಾಳಕ್ಕೆ.

ಆಮೇಲೆ ಕಾಯಬೇಕು. ಮೊದಲು ಬಿ ಕೋಶಗಳು ಕಾಣಿಸಿಕೊಳ್ಳುತ್ತವೆ. ಟಿ ಕೋಶಗಳು ನಿಧಾನ, ಅವು ಇಲಿಯ ಥೈಮಸ್‌ನಲ್ಲಿ ಪಾಠ ಮುಗಿಸಿ ಬರಬೇಕು. ಮೂರು-ನಾಲ್ಕು ತಿಂಗಳಾದ ಮೇಲೆ ಇಲಿಯ ಬಾಲದಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಬಿಳಿ ರಕ್ತಕಣಗಳಲ್ಲಿ ದೊಡ್ಡ ಪಾಲು ಮನುಷ್ಯರದ್ದು. ಎಲ್ಲೋ ಹುಟ್ಟಿದ ಒಂದು ಮಗುವಿನ ರಕ್ತಕೋಶಗಳು ಇಲಿಯ ಮೂಳೆಯೊಳಗೆ ಕೂತು ದಿನವೂ ಹೊಸ ಕೋಶ ಹುಟ್ಟಿಸುತ್ತಿರುತ್ತವೆ. ಒಂದು ಬಳ್ಳಿಯ ರಕ್ತದಿಂದ ಮಾಡಬಹುದಾದ ಇಲಿಗಳಿಗೆ ಮಿತಿ ಇದೆ. ಹಾಗಾಗಿ ಪ್ರತಿ ಗುಂಪಿನ ಇಲಿಗಳೂ ಒಬ್ಬೊಬ್ಬ ಬೇರೆ ಮಗುವಿನ ಗುಣ ಹೊತ್ತಿರುತ್ತವೆ. ಲೆಕ್ಕ ಹಾಕುವವರಿಗೆ ಇದು ತಲೆನೋವು. ಆದರೆ ಮನುಷ್ಯರೂ ಒಬ್ಬರಂತೆ ಒಬ್ಬರಿಲ್ಲವಲ್ಲ. ನನ್ನ ಪ್ರಕಾರ ಇದು ದೋಷಕ್ಕಿಂತ ಹೆಚ್ಚಾಗಿ ಗುಣ.

ಅವಸರ ಇದ್ದವರಿಗೆ ಇನ್ನೊಂದು ದಾರಿ ಇದೆ. ದೊಡ್ಡವರ ರಕ್ತದಿಂದ ಬೆಳೆದ ಬಿಳಿ ಕಣಗಳನ್ನೇ ನೇರ ಇಲಿಗೆ ಕೊಡುವುದು. ಕೆಲವೇ ವಾರದಲ್ಲಿ ಇಲಿ ಸಿದ್ಧ. ಆದರೆ ಆ ಟಿ ಕೋಶಗಳು ಮನುಷ್ಯರ ಮೈಯಲ್ಲಿ ಪಾಠ ಕಲಿತವು. ಇಲಿಯ ಮೈ ಅವಕ್ಕೆ ಶತ್ರು. ಸ್ವಲ್ಪ ದಿನದಲ್ಲಿ ಇಲಿಯ ಚರ್ಮ, ಲಿವರ್, ಕರುಳಿನ ಮೇಲೆ ದಾಳಿ ಮಾಡಿ ಕೊಂದುಬಿಡುತ್ತವೆ. ಪ್ರಯೋಗ ಅಷ್ಟರೊಳಗೆ ಮುಗಿಯಬೇಕು.

ಮೂರನೆಯದು ಬಿಎಲ್‌ಟಿ ಇಲಿ. 2006ರಲ್ಲಿ ಅಮೆರಿಕದ ಡಲ್ಲಾಸ್‌ನ ತಂಡವೊಂದು ಇದನ್ನು ವಿವರಿಸಿತು. ಮನುಷ್ಯ ಭ್ರೂಣದ ಲಿವರ್ ಮತ್ತು ಥೈಮಸ್‌ನ ಚೂರುಗಳನ್ನು ಇಲಿಯ ಕಿಡ್ನಿಯ ಪೊರೆಯ ಕೆಳಗೆ ಇಟ್ಟು, ಅದೇ ಭ್ರೂಣದ ಸ್ಟೆಮ್ ಸೆಲ್‌ಗಳನ್ನೂ ಕೊಡುತ್ತಾರೆ. ಟಿ ಕೋಶಗಳು ಮನುಷ್ಯರ ಥೈಮಸ್‌ನಲ್ಲೇ ಕಲಿಯುತ್ತವೆ. ಕರುಳು, ಯೋನಿಯ ಒಳಪದರಕ್ಕೂ ಮನುಷ್ಯರ ಕೋಶಗಳು ಹೋಗಿ ಸೇರುತ್ತವೆ. ಎಚ್‌ಐವಿ ಹೆಚ್ಚಾಗಿ ನಮ್ಮೊಳಗೆ ಬರುವುದೇ ಅಂಥ ಕಡೆಯಿಂದ.

ಗರ್ಭಪಾತದ ನಂತರದ ಭ್ರೂಣದ ಅಂಗಾಂಶ ಬಳಸುವುದು ಸರಿಯೇ ಎಂಬ ಪ್ರಶ್ನೆ ಬಹಳ ಜನರಿಗೆ ಇದೆ. ಅದು ಹಗುರವಾದ ಪ್ರಶ್ನೆಯಲ್ಲ. 2019ರಲ್ಲಿ ಅಮೆರಿಕದ ಸರ್ಕಾರ ತನ್ನ ಸ್ವಂತ ಲ್ಯಾಬುಗಳಲ್ಲಿ ಇಂಥ ಕೆಲಸ ನಿಲ್ಲಿಸಿತು, 2021ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಈ ನಡುವೆ ಬೇರೆ ದಾರಿಯೂ ಸಿಕ್ಕಿದೆ. ಎಳೆ ಮಕ್ಕಳ ಹೃದಯದ ಆಪರೇಷನ್ ಮಾಡುವಾಗ ಡಾಕ್ಟರಿಗೆ ಜಾಗ ಬೇಕೆಂದು ಥೈಮಸ್‌ನ ಚೂರು ತೆಗೆಯುತ್ತಾರೆ. ಹೇಗೂ ಬಿಸಾಡುವ ಆ ಚೂರನ್ನು ಬಳಸಿಯೂ ಇಲಿ ಮಾಡಬಹುದು ಎಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತೋರಿಸಿದ್ದಾರೆ.

ಇಲಿ ಏನು ಹೇಳಿತು

ಎಚ್‌ಐವಿ ತಗಲುವ ಮುಂಚೆಯೇ ಮಾತ್ರೆ ತೆಗೆದುಕೊಂಡರೆ ತಡೆಯಬಹುದೇ? 2008ರಲ್ಲಿ ಬಿಎಲ್‌ಟಿ ಇಲಿಗಳಿಗೆ ಎರಡು ಔಷಧ ಕೊಟ್ಟು, ಯೋನಿಯ ಮೂಲಕ ವೈರಸ್ ಒಡ್ಡಿ ನೋಡಿದರು. ಔಷಧ ಪಡೆದ ಒಂದು ಇಲಿಗೂ ಸೋಂಕು ತಗಲಲಿಲ್ಲ. ಪಡೆಯದವುಗಳಲ್ಲಿ ಹೆಚ್ಚಿನವಕ್ಕೆ ತಗಲಿತು. ಮಂಗಗಳಲ್ಲೂ ಇಂಥದೇ ಫಲ ಬಂದಿತ್ತು. ಮುಂದೆ ಸಾವಿರಾರು ಜನರ ಮೇಲೆ ಪರೀಕ್ಷೆಯಾಗಿ, ಅದೇ ಎರಡು ಔಷಧಗಳ ಮಾತ್ರೆ ಟ್ರುವಾಡಕ್ಕೆ ಎಚ್‌ಐವಿ ತಡೆಗೆಂದು 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಲಿಯೊಂದರಿಂದಲೇ ಇದು ಆಯಿತು ಎನ್ನಲಾರೆ. ಆದರೆ ಮನುಷ್ಯರ ಕೋಶ ಮತ್ತು ನಿಜವಾದ ಎಚ್‌ಐವಿ ಎದುರುಬದುರಾದಾಗ ಏನಾಗುತ್ತದೆ ಎಂದು ಮುಂಚೆಯೇ ತೋರಿಸಿದ ಸಾಕ್ಷಿ ಅದು.

ನನಗೆ ಬಹಳ ಹಿಡಿಸಿದ್ದು ಡೆಂಗಿ ಪ್ರಯೋಗ. ಮಾನವೀಕೃತ ಇಲಿಗೆ ಡೆಂಗಿ ಬಂದರೆ ಜ್ವರ ಬರುತ್ತದೆ, ಮೈ ಕೆಂಪಾಗುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಹೆದರುವ ಅದೇ ಪ್ಲೇಟ್‌ಲೆಟ್. ಅಮೆರಿಕದ ರಿಕೊ-ಹೆಸ್ಸೆ ಅವರ ತಂಡ 2012ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಸೂಜಿಯಲ್ಲಿ ವೈರಸ್ ಚುಚ್ಚುವ ಬದಲು, ಡೆಂಗಿ ಇರುವ ಈಡಿಸ್ ಸೊಳ್ಳೆಗಳಿಂದಲೇ ಇಲಿಗಳನ್ನು ಕಚ್ಚಿಸಿದರು. ಸೂಜಿಗಿಂತ ಸೊಳ್ಳೆ ಕಚ್ಚಿದಾಗಲೇ ಕಾಯಿಲೆ ಜೋರಾಗಿ ಬಂತು. ಸೊಳ್ಳೆಯ ಜೊಲ್ಲಿನಲ್ಲೂ ಏನೋ ಇದೆ ಎಂದಾಯಿತು. ಮುಂದೆ, ವೈರಸ್ ಇಲ್ಲದ ಸೊಳ್ಳೆಯ ಜೊಲ್ಲೊಂದೇ ಮನುಷ್ಯರ ರೋಗನಿರೋಧಕ ಕೋಶಗಳನ್ನು ಅಲುಗಾಡಿಸುತ್ತದೆ ಎಂಬುದನ್ನೂ ಇಂಥ ಇಲಿಗಳಲ್ಲೇ ಕಂಡರು. ಗಾಜಿನ ತಟ್ಟೆಯನ್ನು ಸೊಳ್ಳೆ ಕಚ್ಚುವುದಿಲ್ಲ. ಈ ಉತ್ತರಕ್ಕೆ ಚರ್ಮ, ರಕ್ತ, ಓಡಾಟ ಇರುವ ಮೈಯೇ ಬೇಕಿತ್ತು.

ರಕ್ತದ ಬದಲು ಲಿವರ್ ಕೋಶ ಕಸಿ ಮಾಡಿದ ಇಲಿಗಳೂ ಇವೆ. 2001ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಇಂಥ ಇಲಿಗೆ ಹೆಪಟೈಟಿಸ್ ಸಿ ತಗಲಿಸಿ ತೋರಿಸಿದರು. ಅದುವರೆಗೆ ಈ ವೈರಸ್ಸಿಗೆ ಇದ್ದ ಪ್ರಾಣಿ ಚಿಂಪಾಂಜಿ ಮಾತ್ರ. ಫಾಲ್ಸಿಪಾರಂ ಮಲೇರಿಯಾದ ಎರಡು ತಳಿಗಳನ್ನು ಕೂಡಿಸಿ ಔಷಧಕ್ಕೆ ಬಗ್ಗದ ಜೀನ್ ಹುಡುಕುವುದಕ್ಕೂ ಹಿಂದೆ ಚಿಂಪಾಂಜಿಯೇ ಬೇಕಿತ್ತು. ಈಗ ಆ ಕೆಲಸವೂ ಮನುಷ್ಯರ ಲಿವರ್ ಕೋಶ ಇರುವ ಇಲಿಯಲ್ಲಿ ಆಗುತ್ತದೆ.

ಲಿವರ್ ಇಲಿಯ ಬೆಲೆ ಗೊತ್ತಾಗಬೇಕಾದರೆ 1993ರ ಫಿಯಲುರಿಡಿನ್ ದುರಂತ ಹೇಳಬೇಕು. ಹೆಪಟೈಟಿಸ್ ಬಿಗೆಂದು ತಯಾರಾದ ಔಷಧ ಅದು. ಇಲಿ, ನಾಯಿ, ಮಂಗಗಳಲ್ಲಿ ಲಿವರ್‌ಗೆ ಅಪಾಯ ಕಂಡಿರಲಿಲ್ಲ. ಅಮೆರಿಕದಲ್ಲಿ 15 ರೋಗಿಗಳಿಗೆ ಕೊಟ್ಟರು. ಕೆಲವು ವಾರದ ಮೇಲೆ 7 ಜನರ ಲಿವರ್ ಕೈಕೊಟ್ಟಿತು. 5 ಜನ ತೀರಿಹೋದರು, ಇಬ್ಬರು ಲಿವರ್ ಕಸಿಯಿಂದ ಬದುಕಿದರು. ಔಷಧ ನಿಲ್ಲಿಸಿದ ಮೇಲೂ ಹಾನಿ ನಿಲ್ಲಲಿಲ್ಲ. ಕಾರಣ ಆಮೇಲೆ ತಿಳಿಯಿತು. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದೊಳಗೆ ಈ ಔಷಧವನ್ನು ಸಾಗಿಸುವ ಪ್ರೋಟೀನು ಮನುಷ್ಯರಲ್ಲಿ ಅಲ್ಲಿದೆ, ಇಲಿಯಲ್ಲಿ ಇಲ್ಲ. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ತಂಡ ಮನುಷ್ಯರ ಲಿವರ್ ಕೋಶ ಇರುವ ಇಲಿಗಳಿಗೆ ಅದೇ ಔಷಧ ಕೊಟ್ಟಿತು. ಕೆಲವೇ ದಿನದಲ್ಲಿ ಲಿವರ್ ಕೆಡುವ ಗುರುತು ಸಿಕ್ಕಿತು. ಸಾದಾ ಇಲಿಗಳು ಆರಾಮಾಗಿದ್ದವು. ಆ ಐದು ಜನರಿಗೆ ಈ ಇಲಿ ಇಪ್ಪತ್ತು ವರ್ಷ ತಡವಾಗಿ ಬಂತು.

ಟೈಫಾಯಿಡ್ ಕತೆಯೂ ಮುಂದೆ ಹೋಯಿತು. 2010ರಲ್ಲಿ ಅಮೆರಿಕದ ಎರಡು ತಂಡಗಳು ಮಾನವೀಕೃತ ಇಲಿಗೆ ಸಾಲ್ಮೊನೆಲ್ಲಾ ಟೈಫಿ ಕೊಟ್ಟವು. ಈ ಸಲ ಬ್ಯಾಕ್ಟೀರಿಯಾ ಬೆಳೆಯಿತು. ದಾಯಾದಿಯನ್ನು ಬಿಟ್ಟು ಅಸಲಿ ಟೈಫಿಯನ್ನೇ ಚಿಕ್ಕ ಪ್ರಾಣಿಯಲ್ಲಿ ನೋಡುವ ದಾರಿ ತೆರೆಯಿತು.

ಬೇರು ಇನ್ನೂ ಇಲಿಯದೇ

ಈಗ ತೊಡಕುಗಳ ಮಾತು. ಕೋಶಗಳು ಬೆಳೆಯಲು ಮೈಯಿಂದ ಸಂದೇಶ ಬೇಕು. ಇಲಿಯ ಮೈ ಕಳಿಸುವ ಹಲವು ಸಂದೇಶಗಳು ಮನುಷ್ಯರ ಕೋಶಕ್ಕೆ ಅರ್ಥವಾಗುವುದಿಲ್ಲ. ಅದರಿಂದ ಮನುಷ್ಯರ ಮ್ಯಾಕ್ರೊಫೇಜ್, ಎನ್‌ಕೆ, ನ್ಯೂಟ್ರೊಫಿಲ್ ಕೋಶಗಳು ಸರಿಯಾಗಿ ಬೆಳೆಯುವುದಿಲ್ಲ. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೊಫಿಲ್, ಈ ಇಲಿಗಳಲ್ಲಿ ಅವು ಬಹಳ ಕಮ್ಮಿ. 2014ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡದವರು ಮನುಷ್ಯರ ಸಂದೇಶ ಜೀನ್‌ಗಳನ್ನು ಸೇರಿಸಿ ಮಿಸ್ಟ್ರ್‌ಜಿ ಎಂಬ ಇಲಿ ಮಾಡಿದರು. ಮ್ಯಾಕ್ರೊಫೇಜ್‌ಗಳು ಚೆನ್ನಾಗಿ ಬೆಳೆದವು. ಎಷ್ಟು ಚೆನ್ನಾಗಿ ಎಂದರೆ ಅವು ಇಲಿಯ ಕೆಂಪು ರಕ್ತಕಣಗಳನ್ನೇ ತಿನ್ನತೊಡಗಿದವು. ಇಲಿಗೆ ರಕ್ತ ಕಮ್ಮಿಯಾಗಿ ಆಯಸ್ಸು ಕುಗ್ಗುತ್ತದೆ. ಒಂದು ಸರಿ ಮಾಡಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ.

ಇನ್ನೂ ದೊಡ್ಡ ಕೊರತೆ ಆಂಟಿಬಾಡಿಯದ್ದು. ಲಸಿಕೆ ಪರೀಕ್ಷಿಸಲು ಇದೇ ಮುಖ್ಯ. ಎನ್‌ಎಸ್‌ಜಿಯಲ್ಲಿ ತೆಗೆದ ಜೀನ್ ಇಲ್ಲದೆ ದುಗ್ಧಗ್ರಂಥಿಗಳೂ ಸರಿಯಾಗಿ ಬೆಳೆಯುವುದಿಲ್ಲ. ಬಿ ಮತ್ತು ಟಿ ಕೋಶಗಳು ಕೂಡಿ ಮಾತಾಡುವ ಕಟ್ಟೆಯೇ ಇಲ್ಲದ ಹಾಗೆ. ಹಾಗಾಗಿ ಲಸಿಕೆ ಕೊಟ್ಟರೂ ಬರುವ ಆಂಟಿಬಾಡಿ ಕಮ್ಮಿ, ಅದರ ಹಿಡಿತವೂ ಸಡಿಲ.

ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದೂ ಇದೆ. 2019ರಲ್ಲಿ ಮೈಯೊಳಗೆ ನಿಧಾನವಾಗಿ ಬಿಡುಗಡೆಯಾಗಿ ಬಹಳ ದಿನ ಕೆಲಸ ಮಾಡುವ ಎಚ್‌ಐವಿ ಔಷಧ ಮತ್ತು ಜೀನ್ ಕತ್ತರಿಸುವ ಕ್ರಿಸ್ಪರ್ ಎರಡನ್ನೂ ಬಳಸಿ ಕೆಲವು ಮಾನವೀಕೃತ ಇಲಿಗಳಿಂದ ಎಚ್‌ಐವಿಯನ್ನು ಪೂರ್ತಿ ತೆಗೆದದ್ದು ದೊಡ್ಡ ಸುದ್ದಿಯಾಯಿತು. ಕ್ರಿಸ್ಪರ್ ಚಿಕಿತ್ಸೆಯನ್ನು ಮುಂದೆ ಮನುಷ್ಯರಿಗೆ ಕೊಟ್ಟರು. ಅಪಾಯವೇನೂ ಆಗಲಿಲ್ಲ. ಆದರೆ ಮಾತ್ರೆ ನಿಲ್ಲಿಸಿದ ಮೇಲೆ ವೈರಸ್ ಮರಳಿತು. ಇಪ್ಪತ್ತೈದು ಗ್ರಾಂ ತೂಕದ ಇಲಿಯಲ್ಲಿ ವೈರಸ್ ಅಡಗುವ ಮೂಲೆಗಳು ಎಷ್ಟು, ಮನುಷ್ಯರ ಮೈಯಲ್ಲಿ ಎಷ್ಟು!

ಇನ್ನೊಂದು ಘಟನೆ ನಾವು ಯಾವ ಇಲಿಯನ್ನು ಕೇಳುತ್ತಿದ್ದೇವೆ ಎಂಬುದನ್ನೇ ಪ್ರಶ್ನಿಸಿತು. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಆಂಟಿಬಾಡಿ ಔಷಧವನ್ನು ಆರು ಆರೋಗ್ಯವಂತ ಯುವಕರಿಗೆ ಮೊದಲ ಬಾರಿ ಕೊಟ್ಟರು. ಪ್ರಾಣಿಗಳಿಗೆ ಏನೂ ಆಗದ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ. ಎರಡು ಗಂಟೆಯೊಳಗೆ ಆರೂ ಜನರ ರೋಗನಿರೋಧಕ ಕೋಶಗಳು ಹುಚ್ಚೆದ್ದವು, ಆಮೇಲೆ ಅಂಗಾಂಗಗಳು ಕೈಕೊಡತೊಡಗಿದವು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಮಾನವೀಕೃತ ಇಲಿಗಳಲ್ಲಿ ಇಂಥ ಅಪಾಯ ಮೊದಲೇ ಕಾಣುತ್ತದೆಯೇ ಎಂದು ಆಮೇಲೆ ಹಲವರು ನೋಡಿದರು. 2019ರಲ್ಲಿ ಇನ್ನೊಂದು ತಂಡ ಬೇರೆಯದೇ ದಾರಿ ಹಿಡಿಯಿತು. ಲ್ಯಾಬ್ ಇಲಿಯ ಭ್ರೂಣವನ್ನು ಕಾಡು ಇಲಿಯ ಗರ್ಭದಲ್ಲಿ ಬೆಳೆಸಿತು. ಹುಟ್ಟಿದ ಮರಿಗಳಿಗೆ ಕಾಡು ತಾಯಿಯ ಕರುಳಿನ, ಚರ್ಮದ ಸೂಕ್ಷ್ಮಜೀವಿಗಳೆಲ್ಲ ಬಂದವು. ಆ ಇಲಿಗಳಿಗೆ ಇಂಥದೇ ಔಷಧ ಕೊಟ್ಟಾಗ, ತೀರಾ ಶುದ್ಧವಾಗಿ ಬೆಳೆದ ಲ್ಯಾಬ್ ಇಲಿಗಳಂತಲ್ಲದೆ, ಮನುಷ್ಯರ ಹಾಗೆಯೇ ಅವೂ ಉರಿಯೂತ ತೋರಿಸಿದವು. ಅವುಗಳ ಮೈಯಲ್ಲಿ ಮನುಷ್ಯರ ಒಂದು ಕೋಶವೂ ಇರಲಿಲ್ಲ. ಇದಕ್ಕೂ ಮುಂಚೆ, 2016ರಲ್ಲಿ, ಅಮೆರಿಕದ ಮಿನೆಸೊಟಾದಲ್ಲಿ ಇನ್ನೊಂದು ವಿಷಯ ಗೊತ್ತಾಗಿತ್ತು. ರೋಗಾಣು ಕಾಣದೆ ಬೆಳೆದ ಲ್ಯಾಬ್ ಇಲಿಯ ರೋಗನಿರೋಧಕ ವ್ಯವಸ್ಥೆ ಈಗಷ್ಟೇ ಹುಟ್ಟಿದ ಮಗುವಿನದ್ದನ್ನು ಹೋಲುತ್ತದೆ, ಸಾಕುಪ್ರಾಣಿ ಅಂಗಡಿಯ ಇಲಿಯದ್ದು ದೊಡ್ಡವರದ್ದನ್ನು ಹೋಲುತ್ತದೆ.

ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ನಾವು ನೀವು ಮಣ್ಣು, ಧೂಳು, ನೆಗಡಿ, ಲಸಿಕೆ ಎಲ್ಲ ದಾಟಿ ಬಂದವರು. ನಮ್ಮ ಕೋಶಗಳಿಗೆ ನೆನಪಿದೆ. ಬಳ್ಳಿಯ ರಕ್ತದಿಂದ ಮಾಡಿದ ಇಲಿಯ ಕೋಶಗಳು ಮನುಷ್ಯರದ್ದೇ ಹೌದು, ಆದರೆ ಅವು ಏನನ್ನೂ ಕಾಣದ ಹಸುಗೂಸು. ಐವತ್ತು ದಾಟಿದ, ಸಣ್ಣವರಿದ್ದಾಗಲೇ ಕ್ಷಯದ ರೋಗಾಣು ಹೊಕ್ಕು ಅಡಗಿ ಕೂತ ಒಬ್ಬರ ಮೈ ಹೇಗೆ ನಡೆದುಕೊಳ್ಳುತ್ತದೆ ಎಂದು ಅವು ಹೇಳಲಾರವು.

ಸುಧಾರಣೆ ನಿಂತಿಲ್ಲ. 2024ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊದ ತಂಡ ಟಿಎಚ್‌ಎಕ್ಸ್ ಎಂಬ ಇಲಿಯನ್ನು ವರದಿ ಮಾಡಿತು. ವಿಕಿರಣ ಕೊಡದೆ ಬಳ್ಳಿರಕ್ತದ ಸ್ಟೆಮ್ ಸೆಲ್ ಕಸಿ ಮಾಡಿ, ಆಮೇಲೆ ಈಸ್ಟ್ರೊಜೆನ್ ಹಾರ್ಮೋನು ಕೊಟ್ಟರು. ದುಗ್ಧಗ್ರಂಥಿಗಳು ಬೆಳೆದವು, ಬಿ ಮತ್ತು ಟಿ ಕೋಶಗಳು ಕೂಡುವ ಕಟ್ಟೆಗಳು ಕಾಣಿಸಿಕೊಂಡವು. ಫೈಜರ್‌ನ ಕೋವಿಡ್ ಲಸಿಕೆ ಕೊಟ್ಟಾಗ ವೈರಸ್ ತಡೆಯುವ ಮನುಷ್ಯರ ಆಂಟಿಬಾಡಿಗಳು ಬಂದವು. ಸಾಲ್ಮೊನೆಲ್ಲಾದ ಈಜುಬಾಲದ ಪ್ರೋಟೀನು ಕೊಟ್ಟಾಗ ಆ ಬ್ಯಾಕ್ಟೀರಿಯಾದ ವಿರುದ್ಧವೂ ಬಂದವು. ಅಲ್ಲಿ ಬಳಸಿದ್ದು ಟೈಫಿಯಲ್ಲ, ದಾಯಾದಿ ಟೈಫಿಮ್ಯೂರಿಯಂ. ಆದರೆ ಈ ಸಲ ಅದಕ್ಕೆ ಎದುರಾಗಿ ನಿಂತದ್ದು ಮನುಷ್ಯರ ಕೋಶಗಳು.